ಮೂಲೆ ಸೀಟಿನ ತಡವಾದ ನಗು

ಆ ಗಾಯಕರ ದನಿ ಕೇಳದ ಕಿವಿ ನಮ್ಮ ಪಾವಗಡದಲ್ಲಿಲ್ಲ. ಬಸ್ಸಿನಲ್ಲಿ, ಮದುವೆ ಚಪ್ಪರದ ಮೈಕಿನಲ್ಲಿ, ಕಡಲೆಕಾಯಿ ಮಿಲ್ಲಿನ ರೇಡಿಯೊದಲ್ಲಿ, ಎಲ್ಲಿ ಹೋದರೂ ಅವರೇ. ಅಂಥವರು ಈ ವಯಸ್ಸಿನಲ್ಲಿ ಹೊಟ್ಟೆ ಹೊತ್ತುಕೊಂಡು ಹೀರೋ ಆಗಿರುವುದು ಬಸ್ ಸ್ಟ್ಯಾಂಡಿನ ಪೋಸ್ಟರ್ ನೋಡಿ ತಿಳಿಯಿತು. ತೆಲುಗು ಸಿನಿಮಾ, ಬರೀ ಹಾಡು ಮತ್ತು ಹಾಸ್ಯವಂತೆ. ನಮ್ಮ ಯಜಮಾನರು ಇದ್ದಿದ್ದರೆ ಮೊದಲ ದಿನವೇ ಹೊರಡಿಸುತ್ತಿದ್ದರು. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ಆಮೇಲೆ ನಾನು ಥಿಯೇಟರಿನ ಕಡೆ ತಲೆಹಾಕಿರಲಿಲ್ಲ. ಒಬ್ಬಳೇ ಒಂದು ಸಿನಿಮಾ ಪೂರ್ತಿ ಕೂತು ನೋಡಬಲ್ಲೆನೇ, ನೋಡೇಬಿಡೋಣ ಎಂದು ಹಟ ಬಂತು.

"ಒಬ್ಳೇ ಹೋಗಿ ಏನ್ ಮಾಡ್ತೀಯ ಅತ್ತಿಗೆ? ನಿಂಗೆ ತೆಲುಗು ಬೇರೆ ಬರಾಕಿಲ್ಲ," ಎಂದಳು ಪಕ್ಕದ ಬೀದಿಯ ನಾದಿನಿ.

ಒಳಗೊಳಗೇ ನಗು ಬಂತು. ತೆಲುಗು ಬಾರದವಳು ಎಂಬ ಆ ಹೆಸರನ್ನು ನಾನು ಎಷ್ಟೋ ವರ್ಷ ಜತನದಿಂದ ಕಾಪಾಡಿಕೊಂಡು ಬಂದಿದ್ದೇನೆ.

ಬರೀ ಕನ್ನಡದ ಊರಾದ ಪುರವರದ ಕಡೆಯಿಂದ ಮದುವೆಯಾಗಿ ಬಂದಾಗ ನನಗೆ ನಿಜಕ್ಕೂ ಒಂದಕ್ಷರ ಬರುತ್ತಿರಲಿಲ್ಲ. ಅತ್ತೆ ಕನ್ನಡದಲ್ಲಿ ಕರೆದು ತೆಲುಗಿನಲ್ಲಿ ಬೈಯುತ್ತಿದ್ದರು. ಹಾಗಾಗಿ ಬೈಗುಳವೇ ಮೊದಲ ಪಾಠ. ಗಡಿಯ ಊರಾದ್ದರಿಂದ ಇಲ್ಲಿನವರಿಗೆ ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ನನ್ನ ಮುಖ ಕಂಡರೆ ಸಾಕು, ಪಾಪ ಎಂದು ಕನ್ನಡಕ್ಕೆ ಹೊರಳುತ್ತಿದ್ದರು. ಆದರೆ ಕಿವಿ ಸುಮ್ಮನಿರುತ್ತದೆಯೇ? ಕೆಲವೇ ವರ್ಷಗಳಲ್ಲಿ ಎಲ್ಲ ಅರ್ಥವಾಗತೊಡಗಿತು.

ಯಜಮಾನರದು ಮಾತು ಕಡಿಮೆ. ಮಿಲ್ಲಿನಲ್ಲಿ ದಿನವೆಲ್ಲ ಮೂಟೆ ತೂಗಿಸಿ ಬಂದು, ಉಂಡು, ಪೇಪರ್ ಹಿಡಿದರೆ ಮುಗಿಯಿತು. ಸಾರು ಹೇಗಿದೆ ಎಂದು ಕೇಳಿದರೆ "ಹೂಂ". ಉಪ್ಪು ಹೆಚ್ಚಾಯಿತೇ ಎಂದರೂ "ಹೂಂ". ಥಿಯೇಟರಿನಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ಪರದೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಸಾಕು, ನನ್ನ ಕಿವಿಗೆ ಬಾಗಿ ಅದನ್ನು ಕನ್ನಡದಲ್ಲಿ ಹೇಳುವರು. ಹೇಳಿ ಮುಗಿಸುವಷ್ಟರಲ್ಲಿ ಜನ ನಕ್ಕು ಸುಮ್ಮನಾಗಿರುತ್ತಿದ್ದರು. ನಾನು ಆಮೇಲೆ ನಗುತ್ತಿದ್ದೆ. ನಮ್ಮ ಪಿಸುಮಾತಿಗೆ ಮುಂದಿನವರು ಗೊಣಗುತ್ತಾರೆಂದು ಕೊನೆಯ ಸಾಲಿನ ಮೂಲೆಯ ಎರಡು ಸೀಟು ನಮಗೇ ಎಂದಾಗಿಹೋಯಿತು.

ತೆಲುಗು ತಿಳಿಯುತ್ತದೆ ಎಂದು ಹೇಳಿದ್ದರೆ ಆ ಪಿಸುಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮನೆಯಲ್ಲಿ ಸಿಗದ ಮಾತನ್ನು ಬಿಟ್ಟುಕೊಡಲು ನನಗೇನು ಹುಚ್ಚೇ? ಕೊನೆಕೊನೆಗೆ ಅವರು ಸಿನಿಮಾದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳುತ್ತಿದ್ದರು. ವಿಲನ್ ಅಬ್ಬರಿಸಿದರೆ, "ಉಪ್ಪಿಟ್ಟು ತಣ್ಣಗಾಗೈತಂತೆ ಕಣೇ, ಅದಕ್ಕೇ ಅಂಗೆ ಆಡ್ತಾವ್ನೆ," ಎನ್ನುವರು. ನನಗೆ ತಿಳಿಯುತ್ತದೆ ಎಂಬುದು ಅವರಿಗೂ ತಿಳಿದಿತ್ತೇನೋ. ಈಗ ಯಾರನ್ನು ಕೇಳಲಿ?

ಮ್ಯಾಟಿನಿಗೆ ಹೋದೆ. ಟಿಕೆಟ್ ಕೊಡುವವರು ನನ್ನನ್ನು ಕಂಡವರೇ, "ಮೂಲೇವು ಎರಡು ತಾನೇ ಅಮ್ಮಾ?" ಎಂದು ಹರಿದೂಬಿಟ್ಟರು.

"ಒಂದೇ ಸಾಕು," ಎಂದೆ. ಅವರು ನಾಲಿಗೆ ಕಚ್ಚಿಕೊಂಡರು.

ಕಥೆ ಎಂದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಗಾಯಕರದು ಆರ್ಕೆಸ್ಟ್ರಾದಲ್ಲಿ ಹಾಡುವವನ ಪಾತ್ರ. ಬಾಡಿಗೆ ಮನೆಯ ಓನರಮ್ಮನಿಗೆ ಸಂಗೀತ ಕಂಡರಾಗದು. ಅದಕ್ಕೆ ಮೂಗನಂತೆ ನಟಿಸಿ ಮನೆ ಹಿಡಿಯುತ್ತಾರೆ. ಹಾಡಬೇಕೆನಿಸಿದಾಗ ಮಹಡಿ ಮೇಲಿನ ನೀರಿನ ಟ್ಯಾಂಕಿನೊಳಗೆ ತಲೆ ತೂರಿಸಿ ಹಾಡುತ್ತಾರೆ. ಆ ಹಾಡು ಕೆಳಗೆ ನಲ್ಲಿಯಲ್ಲಿ ಕೇಳುತ್ತದೆ! ಓನರಮ್ಮ ಹೆದರಿ ಪುರೋಹಿತರನ್ನು ಕರೆಸುತ್ತಾಳೆ. ಪುರೋಹಿತರು ನಲ್ಲಿಗೆ ಕಿವಿಯಿಟ್ಟು, "ಕಲ್ಯಾಣಿ ರಾಗ ಬಂದರೆ ಹಾಗೇ ಕುಡಿಯಿರಿ, ಅಳುವ ಮುಖಾರಿ ಬಂದರೆ ಕಾಯಿಸಿ ಕುಡಿಯಿರಿ," ಎಂದರು. ಹೇಳಿದ್ದೆಲ್ಲ ತೆಲುಗಿನಲ್ಲೇ.

ಥಿಯೇಟರ್ ಗೊಳ್ಳೆಂದಿತು. ಜನರ ಜೊತೆಗೇ ನಾನೂ ನಕ್ಕುಬಿಟ್ಟೆ.

ಆ ಥಿಯೇಟರಿನಲ್ಲಿ ಎಲ್ಲರ ಜೊತೆ, ಸರಿಯಾದ ಹೊತ್ತಿಗೆ ನಾನು ನಕ್ಕಿದ್ದು ಅದೇ ಮೊದಲು. ಕಾಯಲು ಕಿವಿಯ ಬಳಿ ಯಾವ ಪಿಸುಮಾತೂ ಉಳಿದಿರಲಿಲ್ಲ. ಯಜಮಾನರನ್ನು ಮನೆಯಿಂದ ಸಾಗಿಸಿದ ದಿನ ನೆಂಟರೆಲ್ಲ ಇದ್ದರು, ಅತ್ತು ಹಗುರಾಗಿದ್ದೆ. ಇಷ್ಟು ಒಂಟಿ ಅಂದೂ ಅನ್ನಿಸಿರಲಿಲ್ಲ. ಎದ್ದು ಹೋಗೋಣವೆಂದು ಚೀಲ ಕೈಗೆತ್ತಿಕೊಂಡೆ.

ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ತಮಾಷೆ ಬಂತು. ಪುರೋಹಿತರು ಟ್ಯಾಂಕಿನೊಳಗೆ ಇಣುಕಿ, ಒಳಗಿದ್ದ ಗಾಯಕರ ಬೋಳುತಲೆಯನ್ನೇ ಶಿವಲಿಂಗವೆಂದುಕೊಂಡು ಮಂಗಳಾರತಿ ಎತ್ತಿದರು. ಜನ ಸೀಟು ಬಡಿದುಕೊಂಡು ನಕ್ಕರು. ನಾನು ಸೆರಗು ಕಚ್ಚಿ ತಡೆದುಕೊಂಡೆ. ಯಜಮಾನರು ಇದಕ್ಕೆ ಏನು ಸೇರಿಸುತ್ತಿದ್ದರು ಎಂದು ಯೋಚಿಸಿದೆ. "ಟ್ಯಾಂಕ್ ತೊಳ್ಸಿ ಎಷ್ಟ್ ದಿನ ಆಯ್ತು ಅಂತ ಕೇಳ್ತಾವ್ರೆ ಕಣೇ" ಎಂದಿರುತ್ತಿದ್ದರು. ಎಲ್ಲರ ನಗು ಅಡಗಿದ ಮೇಲೆ, ಆ ಮೌನದಲ್ಲಿ ಒಬ್ಬಳೇ ನಕ್ಕೆ.

ಮುಂದಿನ ಸಾಲಿನ ಹೆಂಗಸು ಹಿಂದಿರುಗಿ ನೋಡಿದಳು. ಒಳ್ಳೆಯವಳೇ ಇರಬೇಕು.

"ತೆಲುಗು ಅರ್ಥ ಆಗಾಕಿಲ್ವೇನಮ್ಮಾ? ನಾನ್ ಹೇಳ್ಲಾ?" ಎಂದಳು.

"ಬ್ಯಾಡ ಕಣಮ್ಮ, ನಂಗೆ ಹೇಳೋರಿದ್ರು," ಎಂದೆ.

ಅವಳು ನನ್ನ ಪಕ್ಕದ ಖಾಲಿ ಸೀಟು ನೋಡಿ, ಪರದೆಯ ಕಡೆ ತಿರುಗಿಕೊಂಡಳು.