ಬೇವಿನ ಮರದ ಗಂಟೆ

ಸತ್ತ ಇಲಿಯೊಂದು ಕಣ್ಣಿಗೆ ಬಿದ್ದರೆ ಊರಿಗೆ ಊರೇ ಬಾಗಿಲಿಗೆ ಬೀಗ ಜಡಿದು ಹೊರಟುಬಿಡುತ್ತಿದ್ದ ಕಾಲ ಅದು. ನಿಜಾಮರ ಆಳ್ವಿಕೆ ಇನ್ನೂ ನಡೆದಿತ್ತು. ನಮ್ಮ ಹುಮನಾಬಾದದಲ್ಲಿ ಯಾರಾದರೂ 'ಇಲಿ ಬಿತ್ತು' ಎಂದರೆ ಸಾಕು, ಹೆಂಗಸರು ಒಲೆಯ ಮೇಲಿನ ಪಾತ್ರೆ ಇಳಿಸಿ ಗಂಟು ಕಟ್ಟಲು ಕೂರುತ್ತಿದ್ದರು. ಪ್ಲೇಗನ್ನು ಕಂಡ ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಉಳಿದವರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ಮನೆ ಗಂಜಿನ, ಅಂದರೆ ಧಾನ್ಯದ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಮೂಟೆ ಹೊರುವ ಹಮಾಲರು, ಚಪ್ಪಲಿ ಹೊಲಿಯುವವರು, ಬಳೆ ಮಾರುವವರು, ನಾಲ್ಕು ಮನೆ ಕ್ರೈಸ್ತರು, ಎಲ್ಲರೂ ಅಲ್ಲೇ ಒತ್ತಿಕೊಂಡು ಇದ್ದೆವು. ಓಣಿಗೆ ಕಾಲಿಟ್ಟರೆ ಹದ ಮಾಡಿದ ಚರ್ಮದ ವಾಸನೆ, ಗಾಣದ ಕುಸುಬಿ ಎಣ್ಣೆಯ ವಾಸನೆ, ಅದರ ಮೇಲೆ ಜೋಳದ ಧೂಳು. ಮಧ್ಯದಲ್ಲಿ ಮಣ್ಣಿನ ಗೋಡೆಯ ನಮ್ಮ ಪ್ರಾರ್ಥನೆಯ ಮನೆ. ವಾರದ ದಿನಗಳಲ್ಲಿ ಅದೇ ಶಾಲೆ. ಅಪ್ಪ ಎರಡಕ್ಕೂ ಒಬ್ಬನೇ ಯಜಮಾನ: ಬೆಳಿಗ್ಗೆ ಮಾಸ್ತರ, ಸಂಜೆ ಬೋಧಕ. ಎದುರಿಗಿದ್ದ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ನೇತುಹಾಕಿದ್ದರು. ಸುತ್ತಿಗೆಯಿಂದ ಬಡಿಯುವ ನಮ್ಮ ಗಂಟೆ ಅದೇ.

ಸಂಜೆಯ ಗಂಟೆಯನ್ನು ಅಪ್ಪ ಹೊತ್ತು ಮುಳುಗುವುದಕ್ಕೆ ಮೊದಲೇ ಬಡಿಯುತ್ತಿದ್ದ. "ಮಸೂತಿಯಾಗ ಆಜಾನ ಆಗೋದ್ರಾಗ ನಮ್ಮ ಗದ್ದಲ ಮುಗೀಬೇಕು" ಎನ್ನುತ್ತಿದ್ದ. ಅವರ ಕರೆಯ ಮೇಲೆ ನಮ್ಮ ಹಾಡು ಬಿದ್ದರೆ ಅವನಿಗೆ ಸರಿ ಬರುತ್ತಿರಲಿಲ್ಲ. ಹೀಗಾಗಿ ನಮ್ಮ ಓಣಿಯ ಮಕ್ಕಳಿಗೆಲ್ಲ ಮೊದಲು ಗಂಟೆ, ಆಮೇಲೆ ಆಜಾನ್, ಆಮೇಲೆ ಊಟ.

ಇನ್ನೊಂದು ಪದ್ಧತಿ ಮುಷ್ಟಿ ಗಡಿಗೆಯದು. ರೊಟ್ಟಿಗೆ ಹಿಟ್ಟು ಕಲಸುವ ಮೊದಲು ಪ್ರತಿ ಕ್ರೈಸ್ತ ಮನೆಯಲ್ಲಿ ಒಂದು ಮುಷ್ಟಿ ಹಿಟ್ಟು ತೆಗೆದು ಗಡಿಗೆಗೆ ಹಾಕಬೇಕು. ಅದು ಓಣಿಯಲ್ಲಿ ಅವತ್ತು ಒಲೆ ಹೊತ್ತದ ಮನೆಗೆ ಹೋಗಬೇಕು, ಜಾತಿ ಕೇಳುವ ಹಾಗಿಲ್ಲ. ಅವ್ವ ಹಾಕುತ್ತಿದ್ದಳು, ಆದರೆ ಗೊಣಗದೆ ಹಾಕಿದ್ದನ್ನು ನಾನು ನೋಡಿಲ್ಲ. "ಮೊದಲ ನಮ್ಮ ಮಕ್ಕಳ ಹೊಟ್ಟಿ ನೋಡ್ರಿ, ಆಮ್ಯಾಲ ಓಣಿ ಉದ್ಧಾರ ಮಾಡ್ರಿ" ಎಂದು ಅಪ್ಪನಿಗೆ ಕೇಳುವಂತೆ ಹೇಳುತ್ತಿದ್ದಳು. ಅಪ್ಪ ನಗುತ್ತಿದ್ದ. ಆ ನಗು ಅವಳನ್ನು ಇನ್ನಷ್ಟು ಕೆರಳಿಸುತ್ತಿತ್ತು.

ನಮ್ಮ ಗೋಡೆಗೆ ಹೊಂದಿದ ಮನೆ ಚಾಂದಬೀ ಖಾಲಾಳದು. ಬಳೆ ಮಾರುವವಳು, ಓಣಿಯ ಮಕ್ಕಳಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಗಂಡ ತೀರಿಕೊಂಡಿದ್ದ, ಮಗ ಮೆಹಬೂಬ ಗಂಜಿನಲ್ಲಿ ಹಮಾಲ. ಯಾರು ಎದುರಿಗೆ ಬಂದರೂ ಖಾಲಾ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಮುಂಗೈಯನ್ನು. ನನ್ನ ಕೈ ಹಿಡಿದು ಗೆಣ್ಣು ಒತ್ತುತ್ತ, "ಕೈ ಸಡಿಲ ಬಿಡು ಬೇಟಿ, ನಾ ಏನ್ ಕಡಿತೀನೇನ?" ಎನ್ನುವಷ್ಟರಲ್ಲಿ ಹಸಿರು ಬಳೆಗಳು ಒಳಗೆ ಸೇರಿರುತ್ತಿದ್ದವು. ಅವ್ವನ ಕೈಗೂ ಅವಳೇ ಬಳೆ ಇಡಬೇಕು. ಬೇರೆಯವರು ಇಟ್ಟರೆ ಒಡೆಯುತ್ತವೆ ಎಂದು ಅವ್ವನ ನಂಬಿಕೆ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಇಲಿ ಬಿತ್ತು. ನನ್ನ ಕಣ್ಣೆದುರಿಗೇ ಬಿತ್ತು. ನಾವು ಹುಡುಗಿಯರು ಗಂಜಿನ ಗೋಡೆಯ ಪಕ್ಕ ಕುಂಟಾಬಿಲ್ಲೆ ಆಡುತ್ತಿದ್ದೆವು. ಹಾಡುಹಗಲು, ಒಂದು ಇಲಿ ಕಾಳಿನ ಕೋಠಿಯ ಬಾಗಿಲಿನಿಂದ ಮೆಲ್ಲಗೆ ಹೊರಗೆ ಬಂತು. ನಮ್ಮನ್ನು ಕಂಡರೂ ಓಡಲಿಲ್ಲ. ಕುಡಿದವರ ಹಾಗೆ ಒಂದು ಸುತ್ತು ತಿರುಗಿ ನಾವು ಗೀಚಿದ ಮನೆಯೊಳಗೇ ಬಿದ್ದು ಕಾಲು ಝಾಡಿಸಿತು. ಬಿಲ್ಲೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋದೆವು.

ಮರುದಿನದಿಂದ ಗಾಡಿಗಳು ಹೊರಟವು. ಘಾಟಬೋರಾಳದ ದಾರಿಗೆ, ಹಳ್ಳದ ಆಚೆಯ ಹೊಲಗಳಲ್ಲಿ ಜನ ಕಣಕಿಯ, ಅಂದರೆ ಜೋಳದ ಒಣ ದಂಟಿನ, ಗುಡಿಸಲು ಹಾಕತೊಡಗಿದರು. ಅವ್ವನಿಗೆ ತನ್ನ ತವರು ಕಲ್ಯಾಣಿಗೆ ಹೋಗುವ ಆಸೆ. ಈಗ ಬಸವಕಲ್ಯಾಣ ಎನ್ನುತ್ತೇವಲ್ಲ, ಅದೇ. ಆದರೆ ಪ್ಲೇಗಿನ ಊರಿನವರನ್ನು ಯಾವ ಊರು ಒಳಗೆ ಬಿಟ್ಟುಕೊಳ್ಳುತ್ತದೆ? ನಾವೂ ಹೊಲಕ್ಕೇ ಹೊರಟೆವು.

ಅಷ್ಟರಲ್ಲಿ ಮೆಹಬೂಬನಿಗೆ ಜ್ವರ ಬಂತು. ಬಗಲಲ್ಲಿ ಗಡ್ಡೆ ಎದ್ದಿತ್ತು. ಬೇನೆ ಬಿದ್ದವರನ್ನು ಗುಡಿಸಲುಗಳ ಹತ್ತಿರ ಸೇರಿಸುತ್ತಿರಲಿಲ್ಲ, ಹೀಗಾಗಿ ಚಾಂದಬೀ ಮಗನ ಜೊತೆ ಉಳಿದಳು. ಓಣಿಯ ಇನ್ನೂ ಕೆಲವು ಮನೆಗಳಲ್ಲಿ ಹೀಗೇ ಎದ್ದೇಳಲಾರದವರು ಉಳಿದಿದ್ದರು. ಗಾಡಿಗೆ ಹಾಸಿಗೆ ಕಟ್ಟುತ್ತಿದ್ದ ಅಪ್ಪ ಹಗ್ಗ ಬಿಗಿದು ಗಂಟು ಹಾಕಿ ಹೇಳಿದ:

"ನೀ ಮಕ್ಕಳನ್ನ ಕರ್ಕೊಂಡು ನಡಿ. ನಾ ಇಲ್ಲೇ ಇರ್ತೀನಿ."

ಅವ್ವ ನನ್ನ ತಮ್ಮ ಸ್ಯಾಮ್ಯಾನನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. "ಯಾಕ? ಈ ಊರಾಗ ಏಸುಸ್ವಾಮಿ ನಿಮ್ಮೊಬ್ಬರಿಗೇ ಹೇಳ್ಯಾನೇನ್ರಿ?"

"ಎಲ್ಲಾರಿಗೂ ಹೇಳ್ಯಾನ. ಆದ್ರ ಎಲ್ಲಾರೂ ಗಾಡಿ ಹೂಡ್ಯಾರಲ್ಲ. ಉಳಿದೋರ ಬಾಯಾಗ ನೀರು ಹಾಕೋರು ಯಾರು?"

"ನಿಮಗ ಏನರ ಆದ್ರ ನಮ್ಮ ಬಾಯಾಗ ಹಾಕೋರು ಯಾರು? ಅದನ್ನ ಹೇಳ್ರಿ ಮೊದಲ."

ಅಪ್ಪ ಬೇವಿನ ಮರದ ಕಡೆ ಕೈ ತೋರಿಸಿ, "ಸಂಜಿಗಿ ಗಂಟಿ ಹೊಡಿತೀನಿ. ಹೊಲದ ತನಕ ಕೇಳಸ್ತದ. ಕೇಳಿದ್ರ ನಾ ಚಲೋ ಇದೀನಿ ಅಂತ ತಿಳಿ" ಎಂದ.

"ಕೇಳ್ರಿ ಇಲ್ಲಿ. ಗಂಟಿ ನಿಂತ ದಿನ ನಾ ಈ ಎರಡೂ ಕೂಸುಗಳನ್ನ ಕರ್ಕೊಂಡು ಊರಾಗ ಬಂದುಬಿಡ್ತೀನಿ. ಪಿಳೇಗು ಬರಲಿ, ಏನರ ಬರಲಿ" ಎಂದಳು ಅವ್ವ. ಅಪ್ಪನಿಗೆ ಅವಳ ಹಟ ಗೊತ್ತಿತ್ತು. ಅವನ ಮುಖ ಸಣ್ಣದಾಯಿತು. ಗಾಡಿ ಹೊರಟಿತು.

ಮಕ್ಕಳಿಗೆ ಗುಡಿಸಲು ಎಂದರೆ ಖುಷಿ. ಹೊಸ ಕಣಕಿಯ ಸಿಹಿ ವಾಸನೆ, ಕಡಲೆಗಿಡದ ಹುಳಿ, ಬೆಂಕಿಯಲ್ಲಿ ಸುಟ್ಟ ಎಳೆ ಜೋಳದ ಸೀತನಿ, ಶಾಲೆಯಿಲ್ಲ. ಬೆಳಿಗ್ಗೆ ಅವ್ವ ರೊಟ್ಟಿ, ಖಾರಬ್ಯಾಳಿ ಕಟ್ಟಿ ಹಳ್ಳದ ನಡುವಿನ ಹಾಸುಗಲ್ಲಿನ ಮೇಲೆ ಇಟ್ಟು ಬರುತ್ತಿದ್ದಳು. ಅಪ್ಪ ಆಮೇಲೆ ಬಂದು ಒಯ್ಯುತ್ತಿದ್ದ. ಓಣಿಯಲ್ಲಿ ಉಳಿದವರ ಪಾಲೂ ಅದರಲ್ಲೇ, ಹಾಗಾಗಿ ಗಂಟು ದೊಡ್ಡದೇ ಇರುತ್ತಿತ್ತು. ಸಂಜೆಯಾಗುತ್ತಲೇ ಆಟ ಎಲ್ಲೇ ಇದ್ದರೂ ನಾನು ನಿಂತುಬಿಡುತ್ತಿದ್ದೆ. ಹಳ್ಳದ ಆಚೆಯಿಂದ, ಖಾಲಿ ಊರಿನಿಂದ ಗಂಟೆ ಬರುತ್ತಿತ್ತು. ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದಳು, ಮುಗಿದ ಮೇಲೆ "ಹುಂ" ಎನ್ನುತ್ತಿದ್ದಳು. ಆಮೇಲೆ ದಿಬ್ಬದ ಮೇಲಿನ ಗುಡಿಸಲುಗಳ ಕಡೆಯಿಂದ, ಗಾಡಿಯ ಮೇಲೆ ನಿಂತ ಮುಲ್ಲಾಸಾಬರ ಆಜಾನ್.

ಭಾನುವಾರ ಅಪ್ಪ ಹಳ್ಳದ ಆ ದಂಡೆಗೆ ಬಂದು ನಿಲ್ಲುತ್ತಿದ್ದ, ನಾವು ಈ ದಂಡೆಗೆ. ಆಚೆಯಿಂದಲೇ ಪ್ರಾರ್ಥನೆ ಮಾಡಿ, ಆಚೆಯಿಂದಲೇ ಸ್ಯಾಮ್ಯಾನಿಗೆ ಬೆಕ್ಕಿನ ಹಾಗೆ ಕೂಗಿ ನಗಿಸುತ್ತಿದ್ದ. ಒಂದು ಭಾನುವಾರ ಅವನ ಧೋತರ ಮೊಣಕಾಲಿನವರೆಗೆ ಕೆಮ್ಮಣ್ಣಾಗಿತ್ತು.

"ಏನ್ರಿ ಅದು ಮಣ್ಣು?" ಅವ್ವ ಕೂಗಿ ಕೇಳಿದಳು.

"ಮೆಹಬೂಬ ಹೋದ. ಕುಣಿ ತೋಡೋರು ಯಾರೂ ಸಿಗಲಿಲ್ಲ."

"ಚಾಂದಬೀನ್ನರ ಈಚಿ ಕಳಸ್ರಿ!"

"ಬರಲ್ಲಂತಾಳ. ನನ್ನ ಕೂಡ ಮನಿಮನಿಗಿ ನೀರು ಹೊರಲಿಕ್ಕತ್ತಾಳ."

ಆ ಭಾನುವಾರದ ನಂತರ ನನಗೆ ಸೀತನಿ ರುಚಿಸಲಿಲ್ಲ. ಗುಡಿಸಲುಗಳಲ್ಲಿ ದೊಡ್ಡವರು ಮಾತಾಡುತ್ತಿದ್ದವರು ನಮ್ಮನ್ನು ಕಂಡು ಸುಮ್ಮನಾಗುತ್ತಿದ್ದರು. ಊರಿನ ಮೇಲೆ ಹದ್ದುಗಳು ಸುತ್ತುತ್ತಿದ್ದುದು ನಮ್ಮ ಹೊಲದಿಂದಲೇ ಕಾಣುತ್ತಿತ್ತು.

ಒಂದು ಸಂಜೆ ಗಂಟೆ ಬರಲಿಲ್ಲ. ಹೊತ್ತು ಮುಳುಗಿತು. ಅವ್ವ ಸ್ಯಾಮ್ಯಾನನ್ನು ಎತ್ತಿ ಸೊಂಟಕ್ಕೆ ಕಟ್ಟಿಕೊಂಡಳು. ನನ್ನ ಕೈ ಹಿಡಿದಳು, ನೋವಾಗುವಷ್ಟು ಬಿಗಿಯಾಗಿ. ಆಜಾನ್ ಆಯಿತು. ದಿಬ್ಬದ ಮೇಲೆ ಗಂಡಸರು ಸಾಲಾಗಿ ನಿಂತು ಬಾಗಿ ಎದ್ದರು. ನಾವು ಹಳ್ಳದ ದಾರಿ ಹಿಡಿದಿದ್ದೆವು. ಆಗ ಊರಿನಿಂದ ಗಂಟೆ ಕೇಳಿಸಿತು. ನಿಧಾನವಾಗಿ, ತಡೆದು ತಡೆದು ಬಡಿದ ಗಂಟೆ.

"ಅವ್ವಾ, ಅಪ್ಪ ಹೊಡಿಲಿಕ್ಕತ್ತಾನ!" ನಾನು ಕುಣಿದೆ.

ಅವ್ವ ಅಲ್ಲೇ ನಿಂತಳು. ಗಂಟೆ ಮುಗಿಯುವವರೆಗೂ ನಿಂತಳು. "ಹುಂ" ಎನ್ನಲಿಲ್ಲ. "ನಡಿ, ತಿರುಗಿ ಹೋಗೋಣು. ನಿಮ್ಮಪ್ಪಗ ಕೆಲಸ ಭಾಳ ಆಗ್ಯಾವ" ಎಂದಳು.

ಅಂದಿನಿಂದ ಗಂಟೆ ಆಜಾನ್ ಆದ ಮೇಲೆಯೇ ಬರತೊಡಗಿತು. ಮರುದಿನ ನೋಡಿದರೆ ಅವ್ವನ ಕೈಯಲ್ಲಿ ಬಳೆಗಳಿರಲಿಲ್ಲ. ಕೇಳಿದೆ. "ಬೀಸಾಕತ್ತಾಗ ಒಡದ್ವು" ಎಂದಳು. ಭಾನುವಾರ ಅಪ್ಪ ದಂಡೆಗೆ ಬರಲಿಲ್ಲ. "ಬೇನಿಯವರ ಹತ್ರ ಇರಬೇಕು" ಎಂದಳು. ಅಪ್ಪನ ಜೊತೆ ಜಗಳವಾಡುವ ಮಾತನ್ನೇ ಬಿಟ್ಟಿದ್ದಳು, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಆದರೆ ರೊಟ್ಟಿಯ ಗಂಟು ಮಾತ್ರ ದಿನವೂ ಕಲ್ಲಿನ ಮೇಲೆ ಹೋಗುತ್ತಿತ್ತು. ಖಾಲಿ ಬಟ್ಟೆ ಒಗೆದು ಮಡಚಿದಂತೆ ಮರಳಿ ಅಲ್ಲೇ ಇರುತ್ತಿತ್ತು.

ಕ್ರಿಸ್ಮಸ್ ಬಂತು. ಪ್ರತಿ ವರ್ಷ ಅವತ್ತು ಬೆಳಕು ಹರಿಯುವ ಮೊದಲೇ ಅಪ್ಪ ಇಡೀ ಓಣಿ ಎದ್ದು ಕೂರುವಂತೆ ಗಂಟೆ ಬಡಿಯುತ್ತಿದ್ದ. ಹಮಾಲರು ಬೈಯುತ್ತಲೇ ಎದ್ದು ನಮ್ಮ ಮನೆಯ ಶೇಂಗಾ ಹೋಳಿಗೆಗೆ ಬರುತ್ತಿದ್ದರು. ನಾನು ಚಳಿಯಲ್ಲಿ ಗುಡಿಸಲಿನ ಹೊರಗೆ ಕೌದಿ ಹೊದ್ದು ಕಾಯುತ್ತ ಕೂತೆ. ಸೂರ್ಯ ಬಂದ, ಗಂಟೆ ಬರಲಿಲ್ಲ. ಸಂಜೆಯ ಗಂಟೆ ಬಂತು, ದಿನದ ಹಾಗೆಯೇ, ಆಜಾನ್ ಆದ ಮೇಲೆ. "ಅಪ್ಪ ದೊಡ್ಡ ಹಬ್ಬಾನೇ ಮರ್ತಾನ" ಎಂದು ನಾನು ಅತ್ತೆ. ಅವ್ವ ನನ್ನ ತಲೆ ತನ್ನ ತೊಡೆಯ ಮೇಲೆ ಒತ್ತಿಕೊಂಡಳು.

ಊರಲ್ಲಿ ಬೇನೆ ತೀರಿತು, ಮನೆಗೆ ಬರಬಹುದು ಎಂದು ಡಂಗುರ ಸಾರಿದ ದಿನ ನಾವು ಗಾಡಿ ಹೂಡಿದೆವು. ಓಣಿಯ ಗೋಡೆಗಳಿಗೆಲ್ಲ ಸುಣ್ಣ ಬಳಿದಿದ್ದರು. ಬೇವಿನ ಸೊಪ್ಪಿನ ಹೊಗೆಯ ಕಹಿ ಗಂಟಲಿಗೆ ಇಳಿಯುತ್ತಿತ್ತು. ಬೇವಿನ ಮರದ ಕೆಳಗೆ ಚಾಂದಬೀ ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಸುತ್ತಿಗೆ ಇತ್ತು.

ನಾನು ಶಾಲೆಯ ಬಾಗಿಲಿಗೆ ಓಡಿದೆ. ಒಳಗೆ ಯಾರೂ ಇರಲಿಲ್ಲ. ತಿರುಗಿ ಬರುವಾಗ ಖಾಲಾ ಎದ್ದು ಅವ್ವನ ಎದುರಿಗೆ ನಿಂತಿದ್ದಳು. ಎಂದಿನ ಹಾಗೆ ಮೊದಲು ಮುಂಗೈ ನೋಡಿದಳು. ಬರಿದಾದ ಮುಂಗೈ. ಅದನ್ನು ಹಿಡಿದುಕೊಂಡು ಕೇಳಿದಳು:

"ನಿನಗ ಗೊತ್ತಿತ್ತೇನ ಬೇಟಿ?"

"ಆಜಾನ ಆದ ಮ್ಯಾಲ ಗಂಟಿ ಬಿತ್ತಲ್ಲ, ಅವತ್ತೇ ಗೊತ್ತಾತು. ಅವರು ಹಂಗ ಎಂದೂ ಹೊಡಿತಿರಲಿಲ್ಲ."

ಖಾಲಾ ಅಳತೊಡಗಿದಳು. "ಜ್ವರ ಬಂದ ದಿನಾನೇ ಮಾಸ್ತರಸಾಬ ಸುತ್ತಿಗಿ ನನ್ನ ಕೈಯಾಗ ಕೊಟ್ರು. ಗಂಟಿ ನಿಂತ್ರ ಆಕಿ ಮಕ್ಕಳನ್ನ ಕರ್ಕೊಂಡು ಬರ್ತಾಳ, ಹಟದ ಹೆಣ್ಮಗಳು, ನಿಲ್ಲಗೊಡಬ್ಯಾಡ ಅಂದ್ರು. ಅವತ್ತ ಸಂಜಿ ಆಗೋದ್ರಾಗ ಕಣ್ಣು ಮುಚ್ಚಿದ್ರು. ಇಬ್ಬರ ಕೆಲಸ ಒಬ್ಬಾಕಿಗಿ ಬಿತ್ತು. ನೀರು ಕೊಟ್ಟು ಮುಗಿಸೋದ್ರಾಗ ಆಜಾನ ಆಗ್ತಿತ್ತು. ಆಜಾನ ಆದ ಮ್ಯಾಲ ನಮಾಜ ಬಿಟ್ಟು ಹ್ಯಾಂಗ ಹೊಡೀಲಿ?" ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಗೊತ್ತಿದ್ದೂ ದಿನಾ ರೊಟ್ಟಿ ಇಟ್ಟಿ. ಯಾರಿಗಿ ಇಡ್ತಿದ್ದಿ?"

"ಗಂಟಿ ಹೊಡಿಯೋರಿಗೆ" ಎಂದಳು ಅವ್ವ.

ಆಮೇಲೆ ಇಬ್ಬರೂ ಮರದ ಬುಡಕ್ಕೆ ಕುಸಿದು ಕೂತರು. ನಾನು ಸ್ಯಾಮ್ಯಾನನ್ನು ಎತ್ತಿಕೊಂಡು ನಿಂತೇ ಇದ್ದೆ.

ಚರ್ಚಿನಲ್ಲಿ ಈಗಲೂ ಯಾರಾದರೂ ಹೊಸ ಬೋಧಕರು ಅಪ್ಪನ ಕಥೆ ಹೇಳಿ, ನೆರೆಯವರಿಗಾಗಿ ಪ್ರಾಣ ಕೊಟ್ಟವನೆಂದು ಕೊಂಡಾಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ನನಗೆ ಆಗ ಒಂಬತ್ತು ವರ್ಷ, ನನಗೆ ಅಪ್ಪ ಬೇಕಾಗಿತ್ತು. ಅವನು ಮಾಡಿದ್ದು ತಪ್ಪು ಎಂದು ಹೇಳಲು ಬಾಯಿ ಬರುವುದಿಲ್ಲ, ಸರಿ ಎನ್ನಲು ಇಷ್ಟು ವಯಸ್ಸಾದರೂ ಮನಸ್ಸು ಒಪ್ಪುವುದಿಲ್ಲ. ಆ ಬೋಧಕರು ಚಾಂದಬೀಯ ಹೆಸರು ಹೇಳುವುದೇ ಇಲ್ಲ. ಅವ್ವನ ರೊಟ್ಟಿಯ ಮಾತೂ ಇಲ್ಲ.

ಅವ್ವ ಆಮೇಲೆ ಗೊಣಗದೆ ಮುಷ್ಟಿ ಗಡಿಗೆಗೆ ಹಿಟ್ಟು ಹಾಕುತ್ತಿದ್ದಳು. ನನಗಂತೂ ಆ ಗೊಣಗಾಟವೇ ಬೇಕಾಗಿತ್ತು. ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು, ಹಳಿಯ ತುಂಡು ಎಲ್ಲಿ ಹೋಯಿತೋ ಗೊತ್ತಿಲ್ಲ. ಈಗ ನಮ್ಮ ಚರ್ಚಿಗೂ ಮೈಕಿನ ಭೋಂಗಾ ಇದೆ, ಮಸೀದಿಗೂ ಇದೆ. ಒಬ್ಬರ ಸದ್ದು ಮುಗಿಯಲಿ ಎಂದು ಇನ್ನೊಬ್ಬರು ಕಾಯುವುದಿಲ್ಲ.

ನಾನು ಮಾತ್ರ ಸಂಜೆ ಆಜಾನ್ ಮುಗಿದ ಮೇಲೆ ಒಂದು ನಮಾಜಿನಷ್ಟು ಹೊತ್ತು ಸುಮ್ಮನೆ ಕೂತಿರುತ್ತೇನೆ. ಆಮೇಲೆ ಎದ್ದು ರೊಟ್ಟಿಗೆ ಹಿಟ್ಟು ತೆಗೆಯುತ್ತೇನೆ, ಮೊದಲು ಒಂದು ಮುಷ್ಟಿ ಬೇರೆ ಇಡುತ್ತೇನೆ. ಗಡಿಗೆ ತುಂಬಿ ಹುಳ ಹಿಡಿಯುತ್ತದೆ. ಪಕ್ಕದ ಮನೆಯ ಬಾಗಿಲು ಸದಾ ಹಾಕಿಯೇ ಇರುತ್ತದೆ, ಒಳಗೆ ಯಾರಿದ್ದಾರೆಂದು ನನಗೆ ಗೊತ್ತಿಲ್ಲ.