ಬಾಯಲ್ಲಿಲ್ಲದ ಭತ್ತ

ಗಾಳಿ ಹಿಡಿಯುವುದು, ಮೈಮೇಲೆ ಬರುವುದು, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಹೈಸ್ಕೂಲು ಮುಗಿಸಿದವನೆಂಬ ಸಣ್ಣ ಜಂಬವೂ ಇತ್ತು. ಈಗ ನಂಬುತ್ತೇನೆ ಎಂದೇನಲ್ಲ. ಆದರೆ ಆರು ವರ್ಷದ ಹಿಂದೆ ನನ್ನ ತಮ್ಮ ಆಡಿದ ಒಂದು ಮಾತಿಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಗಂಗಾವತಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ನಾವಿಬ್ಬರೂ ಭತ್ತ ನೋಡುವವರು. ನಾಲ್ಕು ಕಾಳು ಹಲ್ಲಿನಲ್ಲಿ ಕಡಿದು, ಒಣಗಿದೆಯೋ ಹಸಿಯಿದೆಯೋ ಹೇಳಬೇಕು. ತಮ್ಮ ಬಸವರಾಜನಿಗೆ ಆ ಕೆಲಸ ಕಲಿಸಿದವನು ನಾನೇ. ಆದರೆ ರೈತರು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ಕೇಳುವರು: "ಸಣ್ಣಾವ ಇಲ್ಲೇನ್ರಿ?" ನಾನು ನೋಡುತ್ತೇನೆ ಎಂದರೆ, "ಇರ್ಲಿ ಬಿಡ್ರಿ ಕಾಕಾ, ಕಾಯ್ತೀವಿ. ನಿಮ್ಮ ಹಲ್ಲು ರಿಟಾಯರ್ ಆಗ್ಯಾವು." ನಾನೂ ಅವರೊಂದಿಗೆ ನಗುತ್ತಿದ್ದೆ. ಆದರೆ ಕಾಳು ಕಡಿದು ಅವನು ಕಣ್ಣು ಮುಚ್ಚುವ ರೀತಿಯೇ ನನಗೆ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಮರಳಿ ಎಂಬ ಊರಿನ ಕಣದಿಂದ ಮಾದರಿ ಭತ್ತದ ಪೊಟ್ಟಣ ತಂದಿಟ್ಟು, "ಛಲೋ ಒಣಗೈತ್ರಿ" ಎಂದು ಅಂಗಡಿಯ ಸಾಹುಕಾರರಿಗೆ ಹೇಳಿ ಮನೆಗೆ ಊಟಕ್ಕೆ ಹೋದ. ಸಾಹುಕಾರರೂ ಎದ್ದು ಹೋದರು. ನಾನು ಬಾಗಿಲು ಮುಂದೆ ಮಾಡಿ, ಆ ಕಾಳನ್ನು ನನ್ನ ಒದ್ದೆ ಟವೆಲಿನಲ್ಲಿ ಸುತ್ತಿಟ್ಟು, ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಪೊಟ್ಟಣ ಕಟ್ಟಿದೆ. ಸಂಜೆ ಸಾಹುಕಾರರು ರೈತರ ಮುಂದೆ ಅದನ್ನು ಬಿಚ್ಚಿ, ಬೆರಳಲ್ಲಿ ಹಿಸುಕಿ, "ಇದಕ್ಕ ಒಣಾ ಅಂತಾರೇನೋ ಬಸ್ಯಾ?" ಎಂದು ಬೀದಿಗೆ ಚೆಲ್ಲಿದರು. ಬಸವರಾಜ ತಲೆ ತಗ್ಗಿಸಿ ನಿಂತ. ಒಂದು ಕಾಳನ್ನೂ ಅವನು ಬಾಯಿಗೆ ಹಾಕಿಕೊಳ್ಳಲಿಲ್ಲ, ಮುಟ್ಟಲೂ ಇಲ್ಲ. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ತಿಂಗಳೊಳಗೆ ಅವನು ನಿದ್ದೆ ಬಿಟ್ಟ, ಏನೇನೋ ಮಾತಾಡಿದ, ಹೆಂಡತಿಯನ್ನೇ ಯಾರೆಂದು ಕೇಳಿದ. "ಭಾವಾರ, ದವಾಖಾನಿಗೆ ಹೋಗೂನ್ರಿ" ಎಂದು ಅವಳು ಅಂಗಲಾಚಿದಳು. ಏನನ್ನೂ ನಂಬದ ನಾನು, "ಇದು ದೇವಿ ಕಾಟವ್ವಾ, ಹೇಮಗುಡ್ಡದ ಗುಡಿಯಾಗ ಕುಂದ್ರಸೂಣು" ಎಂದೆ. ಒಂಬತ್ತು ದಿನ ಅವನು ಗುಡಿಯಲ್ಲಿ ಕುಳಿತ. ಆ ಒಂಬತ್ತು ದಿನ ನಾನು ಅಂಗಡಿಯಲ್ಲಿ ಅವನ ಜಾಗದಲ್ಲಿ ಕುಳಿತು ಭತ್ತ ಕಡಿದೆ. ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ.

ಹತ್ತನೆಯ ದಿನ ಫಿಟ್ಸ್ ಬಂದು ಬಿದ್ದ. ಹುಬ್ಬಳ್ಳಿಗೆ ಒಯ್ದೆವು. ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡಿಸಿ ಡಾಕ್ಟರಮ್ಮ ಹೇಳಿದರು: "ರೋಗದಿಂದ ಮೈ ಕಾಯೋ ಶಕ್ತೀನೇ ತಪ್ಪು ತಿಳದು ಇವ್ರ ಮಿದುಳಿನ ಮ್ಯಾಲೆ ಬಿದ್ದೈತಿ. ಒಳಗ ಬಾವು ಬಂದೈತಿ. ಇಷ್ಟು ದಿನ ಯಾಕ ಬಿಟ್ರಿ?"

ಆಗಲೇ ಅವನ ಮಾತು ನಿಂತಿತ್ತು. ಬಾಯಿ ಮಾತ್ರ ಬರಿದೇ ಅಗಿಯುತ್ತಿತ್ತು. ಅದೂ ಈ ರೋಗದ ಲಕ್ಷಣವಂತೆ. ಮರುದಿನ, ಹಾಡಹಗಲು, ನಾನೊಬ್ಬನೇ ಹತ್ತಿರವಿದ್ದಾಗ ಆ ಅಗಿತ ನಿಂತಿತು. ಕಾಳು ಕಡಿದಾಗಿನಂತೆ ಕಣ್ಣು ಮುಚ್ಚಿ, ಸ್ಪಷ್ಟವಾಗಿ ಅಂದ: "ಕಾಳು ಹಸಿ ಅಲ್ಲ ಯಣ್ಣಾ. ನಿನ್ನ ಟಾವೆಲ್ ವಾಸನಿ ಬರ್ತೈತಿ."

ಮತ್ತೆ ಬಾಯಿ ಅಗಿಯತೊಡಗಿತು.

ಅವನು ಬದುಕಿದ. ತಿಂಗಳುಗಟ್ಟಲೆ ಔಷಧಿ ನಡೆಯಿತು. ಕಾಳಿನ ರುಚಿ ಹಿಡಿಯುವುದೊಂದು ಮಾತ್ರ ತಿರುಗಿ ಬರಲಿಲ್ಲ. ಆಸ್ಪತ್ರೆಯಲ್ಲಿ ಆಡಿದ್ದು ನೆನಪಿದೆಯೇ ಎಂದು ಒಮ್ಮೆ ಕೇಳಿದೆ. "ಏನೂ ಇಲ್ಲ ಯಣ್ಣಾ. ನಿನಗ ಏನರ ಬೈದ್ನೇನು?" ಎಂದು ಗಾಬರಿಯಾದ. ಇಲ್ಲ ಎಂದೆ.

ನಾನು ಕಾಳನ್ನು ಟವೆಲಿನಲ್ಲಿ ಸುತ್ತಿದ ಆ ಮಧ್ಯಾಹ್ನ ಅವನು ಮನೆಯಲ್ಲಿ ಉಣ್ಣುತ್ತಿದ್ದ. ಬಡಿಸಿದ ಅವನ ಹೆಂಡತಿಯನ್ನೇ ಕೇಳಿ ತಿಳಿದುಕೊಂಡೆ. ಮತ್ತೆ ಹೇಗೆ ಗೊತ್ತಾಯಿತು?

ಈಗ ಅವನೇ ಅಂಗೈಯಲ್ಲಿ ಕಾಳು ಹಿಡಿದು ಬರುತ್ತಾನೆ. "ನೀನ ನೋಡು ಯಣ್ಣಾ, ನನಗ ತಿಳಿವಲ್ದು." ಕಡಿಯುತ್ತೇನೆ. ಬಾಯಿ ತುಂಬ ಒದ್ದೆ ಬಟ್ಟೆಯ ವಾಸನೆ. ಒಣಗಿದೆಯೋ ಹಸಿಯಿದೆಯೋ ನನಗೂ ತಿಳಿಯುವುದಿಲ್ಲ. ಅವನು ನನ್ನ ಮುಖ ನೋಡುತ್ತ ನಿಂತಿರುತ್ತಾನೆ, ಏನು ಹೇಳುತ್ತೇನೋ ಎಂದು.