ನಾಲ್ಕನೆಯ ಭಾಗದಲ್ಲಿ ತೆಗೆದುಹಾಕಿದ ಸಂಜೆ

ನಮ್ಮ ಮನೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದೆ. ಹರಿದ ಹಾಳೆಯನ್ನು ನಾನು ಬಿಸಾಡುವುದಿಲ್ಲ. ಹಿಂಬದಿಯಲ್ಲಿ ಆ ದಿನದ ಸಂಗತಿಯನ್ನು ನಾಲ್ಕು ಸಾಲು ಗೀಚಿ, ಅಡುಗೆಮನೆಯ ಬಾಗಿಲ ಹಿಂದಿನ ಕಂಬಿಗೆ ಚುಚ್ಚುತ್ತೇನೆ. ಹಾಲು ಒಡೆಯಿತು. ಊಟಿ ಬಸ್ಸು ಬರಲಿಲ್ಲ. ಕ್ಯಾರೆಟ್ ಮಡಿಗೆ ಕಾಡಿನಿಂದ ಕಾಟಿ ನುಗ್ಗಿತ್ತು. ಇಪ್ಪತ್ತು ವರ್ಷದ ಕೆಳಗೆ ಈ ಸಾಲುಗಳ ನಡುವೆ ಇನ್ನೊಂದು ಜಾತಿಯ ಸಾಲು ಸೇರಿಕೊಂಡಿತು: "ಎರಡನೇ ಮಹಡಿ. ಗುಂಡು ಮೂರೇ ಉಳಿದಿದೆ. ಎರಡು ಸಲ ಸತ್ತೆ." ಅದರ ಕೆಳಗೇ, "ಹುಳಿಗೆ ಉಪ್ಪು ಜಾಸ್ತಿ."

ಆಗಿದ್ದು ಇಷ್ಟು. ನನ್ನ ಮೈದುನ ಕೊಯಮತ್ತೂರಿಗೆ ಕೆಲಸಕ್ಕೆ ಹೋಗುವಾಗ ತನ್ನ ಗೇಮಿನ ಪೆಟ್ಟಿಗೆಯನ್ನು ಊಟಿ ಹತ್ತಿರದ ಸೋಲೂರಿನ ನಮ್ಮ ಮನೆಯಲ್ಲಿ ಬಿಟ್ಟುಹೋದ. "ಅತ್ತಿಗೆ, ಧೂಳು ಒರೆಸ್ತಾ ಇರಿ ಸಾಕು," ಎಂದಿದ್ದ. ನಾನು ಒಂದು ವಾರ ಒರೆಸಿದೆ. ಎಂಟನೆಯ ದಿನ ಟಿವಿಗೆ ಚುಚ್ಚಿ ನೋಡಿದೆ. ಒಂದು ಪಾಳುಬಂಗಲೆ, ಒಬ್ಬಳೇ ಹೆಂಗಸು, ಕೈಯಲ್ಲೊಂದು ಟಾರ್ಚು, ಬಾಗಿಲ ಆಚೆ ಏನೋ ಉಸಿರಾಡುವ ಸದ್ದು. ಅವತ್ತು ಅನ್ನ ಸೀದುಹೋಯಿತು. ಅದೂ ಹಾಳೆಯಲ್ಲಿದೆ.

ಆ ಗೇಮಿನ ಸರಣಿ ಇಂದಿಗೂ ಮುಗಿದಿಲ್ಲ. ಭಾಗದ ಮೇಲೆ ಭಾಗ ಬರುತ್ತಲೇ ಇದೆ, ಹಳೆಯವನ್ನು ಹೊಸದಾಗಿ ಮಾಡಿ ಮತ್ತೆ ಬಿಡುತ್ತಾರೆ. ಅದರ ಬಗ್ಗೆ ಕನ್ನಡದಲ್ಲಿ ಜಗಳವಾಡಲೆಂದೇ ಫೋನಿನಲ್ಲಿ ನಮ್ಮದೊಂದು ಗುಂಪಿದೆ. ಕಟ್ಟಿದವನು ಗೂಡಲೂರಿನಲ್ಲಿ ಮೊಬೈಲ್ ರಿಪೇರಿ ಮಾಡುವವನು. ಅಲ್ಲಿನವರ ರೂಢಿಯಂತೆ ನನ್ನನ್ನು ಚೇಚಿ ಎನ್ನುತ್ತಾನೆ, ಅಂದರೆ ಅಕ್ಕ. ಗುಂಪಿನ ಇನ್ನೊಬ್ಬ ಅಡ್ಮಿನ್ ಮೈಸೂರಿನ ಒಬ್ಬ ಮೇಷ್ಟ್ರು. ಪುರಾವೆಯಿಲ್ಲದೆ ಅವರು ಗುಡ್ ಮಾರ್ನಿಂಗನ್ನೂ ಒಪ್ಪುವವರಲ್ಲ.

ಜಗಳ ಯಾವಾಗಲೂ ಒಂದೇ: ಯಾವುದನ್ನು ಬದಲಾಯಿಸಿ ಕೆಡಿಸಿದರು? ಮೊದಲ ಮೂರು ಭಾಗಗಳಲ್ಲಿ ಕ್ಯಾಮೆರಾ ಗೋಡೆಯ ಮೂಲೆಯಲ್ಲಿ ಹಲ್ಲಿಯ ಹಾಗೆ ಕೂತು ನೋಡುತ್ತಿತ್ತು. ನಾಲ್ಕರಿಂದ ನಾಯಕಿಯ ಹೆಗಲ ಹಿಂದೆ ಬಂತು. ಅರ್ಧ ಗುಂಪು ಅದನ್ನು ದ್ರೋಹ ಎನ್ನುತ್ತದೆ, ಇನ್ನರ್ಧ ಬಿಡುಗಡೆ ಎನ್ನುತ್ತದೆ. ನನ್ನ ತಕರಾರು ಮಾತ್ರ ಬೇರೆ. "ಕ್ಯಾಮೆರಾ ಎಲ್ಲಾದರೂ ಇರಲಿ," ಎಂದು ಬರೆದೆ, "ಸಂಜೆಯನ್ನು ಯಾಕೆ ತೆಗೆದರು?"

ಯಾವ ಸಂಜೆ ಎಂದು ಎಲ್ಲರೂ ಕೇಳಿದರು. ನಾನು ವಿವರಿಸಿದೆ. ಮೊದಲ ಮೂರು ಭಾಗಗಳಲ್ಲಿ, ಹೊರಗೆ ಸಂಜೆ ಆರಾಗುತ್ತಿದ್ದ ಹಾಗೆ ಗೇಮಿನ ಒಳಗೂ ಕತ್ತಲಾಗುತ್ತಿತ್ತು. ಪೆಟ್ಟಿಗೆಯೊಳಗೆ ಗಡಿಯಾರವಿದೆಯಲ್ಲ, ಅದನ್ನು ನೋಡಿಕೊಂಡು. ಬರೀ ಕತ್ತಲಲ್ಲ, ನಾಲ್ಕೂ ಕಡೆಯಿಂದ ಗೋಡೆ ಒತ್ತಿದ ಹಾಗೆ ಚಿತ್ರವೇ ಕುಗ್ಗಿ ಸಣ್ಣದಾಗುತ್ತಿತ್ತು. ಅಂಥ ಹೆದರಿಕೆಯನ್ನು ಕಟ್ಟಿದವರು ಮಹಾನುಭಾವರು, ನಾಲ್ಕನೆಯ ಭಾಗದವರಿಗೆ ಆ ಮರ್ಯಾದೆ ಇಲ್ಲ ಎಂದು ಒಂದೂವರೆ ಪುಟ ಬರೆದೆ. ಓದಿ ನಾನೇ ಮೆಚ್ಚಿಕೊಂಡೆ.

"ಮೇಡಂ, ಅಂಥದ್ದು ಯಾವ ಭಾಗದಲ್ಲೂ ಇಲ್ಲ," ಎಂದರು ಮೇಷ್ಟ್ರು.

"ನೀವು ಆರು ಗಂಟೆಗೆ ಆಡಿರಲಿಕ್ಕಿಲ್ಲ ಸರ್."

"ಇಪ್ಪತ್ತನಾಲ್ಕು ಗಂಟೆಯೂ ಆಡಿದ್ದೇನೆ."

ಉಳಿದವರು ನಗುವ ಮುಖಗಳನ್ನು ಸಾಲಾಗಿ ಕಳಿಸತೊಡಗಿದರು. ಆಗ ಗೂಡಲೂರಿನವನು ಅಡ್ಡ ಬಂದ. "ಚೇಚಿ ಹಾಲು ಒಡೆದಿದ್ದನ್ನೂ ಬರೆದಿಡೋರು. ಅವರು ಇತ್ತು ಅಂದ್ರೆ ಇತ್ತು. ಇರಲಿಲ್ಲ ಅಂತ ಗೊತ್ತಾದ್ರೆ ನಾನು ಈ ಗುಂಪು ಬಿಟ್ಟು ಹೋಗ್ತೀನಿ, ಆಯ್ತಾ?"

"ಆಯ್ತು," ಎಂದರು ಮೇಷ್ಟ್ರು. "ದಾಖಲೆ ಬರಲಿ."

ಎಂಟು ವರ್ಷದಿಂದ ಅವನು ಸಾಕಿದ ಗುಂಪು. ಅದನ್ನು ನನ್ನ ಮಾತಿನ ಮೇಲೆ ಪಣಕ್ಕಿಟ್ಟುಬಿಟ್ಟ. ನನಗೆ ಒಂದು ಚೂರೂ ಅಳುಕಿರಲಿಲ್ಲ. ದಾಖಲೆ ಕೇಳಿದರೆ ಹೆದರುವವಳೇ ನಾನು?

ಮರುದಿನ ಮಧ್ಯಾಹ್ನ ಅಟ್ಟದಿಂದ ಹಳೆಯ ಕಂಬಿಗಳನ್ನು ಇಳಿಸಿ, ಚಾಪೆಯ ಮೇಲೆ ಹಾಳೆಗಳನ್ನು ಬೆನ್ನು ಮೇಲಾಗಿ ಹರಡಿಕೊಂಡು ಕೂತೆ. "ಆರು ಗಂಟೆ. ಕತ್ತಲಾಯಿತು. ಮತ್ತೆ ಸತ್ತೆ." ಇಂಥವು ಒಂದು ಕಟ್ಟು, ಸೊಂಪಾಗಿ ಬೆಳೆಯಿತು. ಮಧ್ಯೆ ಮಧ್ಯೆ, "ಇವತ್ತು ಕತ್ತಲಾಗಲಿಲ್ಲ. ಸುಲಭವಾಗಿ ದಾಟಿದೆ." ಇವು ಇನ್ನೊಂದು ಸಣ್ಣ ಕಟ್ಟು. ಗೇಮು ಮಾಡಿದವರ ಜಾಣತನ ನೋಡಿ, ವಾರವಿಡೀ ಹೆದರಿಸಿ ನಡುವೆ ಒಂದು ದಿನ ಸುಮ್ಮನೆ ಬಿಡುತ್ತಾರೆ, ಎಂದು ಇನ್ನೊಂದು ಪುಟಕ್ಕೆ ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ನಮ್ಮವರು ಟೀ ಲೋಟ ಹಿಡಿದು ಬಂದರು. ಲೋಟ ಇಡಲು ಜಾಗ ಮಾಡಿಕೊಳ್ಳಲು ಸಣ್ಣ ಕಟ್ಟನ್ನು ಎತ್ತಿ ಮಗುಚಿದರು.

"ಇದೇನೇ, ಬರೀ ಭಾನುವಾರಗಳನ್ನ ಆರಿಸಿಟ್ಟಿದ್ದೀಯ?"

ನೋಡಿದೆ. ಹಾಳೆಯ ಮುಖವೆಲ್ಲ ಕೆಂಪು. ಒಂದೇ ಒಂದು ಕಪ್ಪು ಅಂಕಿಯ ಹಾಳೆಯಿತ್ತು. ಅದನ್ನೇ ಆಸರೆಯೆಂದು ಹಿಡಿದು ಹಿಂಬದಿಯನ್ನು ಪೂರ್ತಿ ಓದಿದೆ: "ಫ್ಯಾಕ್ಟರಿಯಲ್ಲಿ ರಿಪೇರಿ. ಲಾರಿ ಬರಲಿಲ್ಲ, ಕಿತ್ತ ಎಲೆಯೆಲ್ಲ ಮನೆಯಲ್ಲೇ. ಕತ್ತಲಾಗಲಿಲ್ಲ."

ನಮ್ಮ ಮನೆಯ ಕೆಳಗೇ ಟೀ ಫ್ಯಾಕ್ಟರಿ. ಭಾನುವಾರ ಅದಕ್ಕೆ ರಜೆ. ದಿನದ ಎಲೆ ಹೊತ್ತ ಲಾರಿ ಸಂಜೆ ಬಂದು ಸುರಿದ ಕೂಡಲೇ ಎಲೆ ಬಾಡಿಸುವ ದೊಡ್ಡ ಫ್ಯಾನುಗಳನ್ನು ಹಾಕುತ್ತಿದ್ದರು. ಆಗ ವೋಲ್ಟೇಜ್ ಇಳಿದು ಊರಿನ ಬಲ್ಬುಗಳೆಲ್ಲ ಕುಂಬಳಕಾಯಿ ಬಣ್ಣಕ್ಕೆ ತಿರುಗುತ್ತಿದ್ದವು. "ಕುಂದಾ ಅಣೆಕಟ್ಟಲ್ಲಿ ಹುಟ್ಟೋ ಕರೆಂಟು ನಮ್ಮೂರಿಗೆ ಬರೋ ಹೊತ್ತಿಗೆ ಸುಸ್ತಾಗಿರುತ್ತೆ," ಎಂದು ನಮ್ಮವರು ಆಗ ದಿನಾ ಹೇಳುತ್ತಿದ್ದರು. ನಾನು ದಿನಾ ನಗುತ್ತಿದ್ದೆ. ನಕ್ಕು, ದೀಪ ಆರಿಸಿ, ಡಬ್ಬದಂಥ ಹಳೆಯ ಟಿವಿಯ ಮುಂದೆ ಕೂತು, ಚಿತ್ರ ಕುಗ್ಗುವುದನ್ನು ನೋಡಿ ಬೆವರುತ್ತಿದ್ದೆ. ಬಲ್ಬು ಮಂಕಾಗುವುದು ಬರೆದಿಡುವಷ್ಟು ದೊಡ್ಡ ಸುದ್ದಿಯೆಂದು ನನಗೆ ಅನ್ನಿಸಿರಲೇ ಇಲ್ಲ.

ನಾಲ್ಕನೆಯ ಭಾಗದ ಹಾಳೆಗಳನ್ನು ಹುಡುಕಲು ಧೈರ್ಯವಿರಲಿಲ್ಲ, ಆದರೂ ಹುಡುಕಿದೆ. "ಫ್ಯಾಕ್ಟರಿಗೆ ಹೊಸ ಟ್ರಾನ್ಸ್‌ಫಾರ್ಮರ್. ಎರಡು ದಿನ ಕರೆಂಟಿಲ್ಲ." ಅದರ ಮುಂದಿನ ವಾರ, "ಮೈದುನ ಕಳಿಸಿದ ನಾಲ್ಕನೇ ಭಾಗ ಶುರು. ಕತ್ತಲೇ ಆಗುತ್ತಿಲ್ಲ. ಮಾಡಿದವರಿಗೆ ಏನಾಗಿದೆ?"

ನಮ್ಮವರು ಅದನ್ನು ಓದಿ ಟೀ ಕುಡಿಯುವುದನ್ನೇ ನಿಲ್ಲಿಸಿದರು. ನಗುವಿಗೆ ಹೆಗಲು ಕುಲುಕುವುದು ನಿಂತ ಮೇಲೆ, "ಈಗೇನ್ಮಾಡ್ತೀಯ?" ಎಂದರು.

ಮಾಡುವುದು ಸುಲಭವಿತ್ತು. ಕತ್ತಲೆಯ ಕಟ್ಟಿನ ಹಿಂಬದಿಯನ್ನಷ್ಟೇ ಫೋಟೋ ತೆಗೆದು ಕಳಿಸಿದರೆ, ಇಪ್ಪತ್ತು ವರ್ಷ ಹಳೆಯ ಕೈಬರಹದ ಮುಂದೆ ಮೇಷ್ಟ್ರು ಏನು ಹೇಳಿಯಾರು? ನಾನೂ ಉಳಿಯುತ್ತೇನೆ, ಗೂಡಲೂರಿನವನೂ ಉಳಿಯುತ್ತಾನೆ. ಫೋಟೋ ತೆಗೆದೂ ಆಯಿತು. ಆದರೆ ನಾನು ಹೇಳಿದ್ದೆಲ್ಲ ಬರೆದಿಟ್ಟದ್ದೇ ಎಂದು ನಂಬಿ ಒಬ್ಬ ತನ್ನ ಗುಂಪನ್ನೇ ಪಣಕ್ಕಿಟ್ಟಿರುವಾಗ, ಹಾಳೆಯ ಒಂದೇ ಬದಿ ತೋರಿಸುವುದು ಹೇಗೆ? ಎರಡು ಸಲ ಪಾತ್ರೆ ತೊಳೆದೆ. ಆಮೇಲೆ ಎರಡೂ ಬದಿ ಕಳಿಸಿದೆ, ಟ್ರಾನ್ಸ್‌ಫಾರ್ಮರನ್ನೂ ಸೇರಿಸಿ. ಕೆಳಗೆ ಬರೆದೆ: "ಸಂಜೆ ಗೇಮಿನಲ್ಲಿ ಇರಲಿಲ್ಲ. ನಮ್ಮ ಊರಿನಲ್ಲಿತ್ತು. ತಪ್ಪಾಯಿತು."

ಆಮೇಲೆ ಬಂದದ್ದು ಒಂದೇ ಸಾಲು: ಗೂಡಲೂರಿನವನು ಗುಂಪು ತೊರೆದಿದ್ದಾನೆ.

ಅವನಿಗೆ ಫೋನು ಮಾಡಿದೆ. "ಯಾಕಪ್ಪ ಹೋದೆ? ತಪ್ಪು ನಂದು."

"ಮಾತು ಅಂದ್ರೆ ಮಾತು ಚೇಚಿ." ಹಿಂದೆ ಅಂಗಡಿಯ ಗಲಾಟೆ ಕೇಳುತ್ತಿತ್ತು. "ಒಂದು ಕೇಳ್ಲಾ? ಆ ಫ್ಯಾನು ಹಾಕಿದಾಗ ನಿಜವಾಗ್ಲೂ ಅಷ್ಟು ಹೆದರಿಕೆ ಆಗ್ತಿತ್ತಾ?" ಎಂದ.

"ಒಂದು ಸಲ ಹೆದರಿ ಸೌಟು ಎಸೆದಿದ್ದೀನಿ. ಹಾಳೆ ಇದೆ."

"ಅದನ್ನೂ ಕಳಿಸಬೇಕಿತ್ತು," ಎಂದು ನಕ್ಕ. ನಕ್ಕನಲ್ಲ ಎಂಬ ಧೈರ್ಯದ ಮೇಲೆ ನಾನು ಮೇಷ್ಟ್ರಿಗೆ ಫೋನು ಹಚ್ಚಿದೆ. ಅವನನ್ನು ವಾಪಸು ಸೇರಿಸಿ ಸರ್, ಬೇಕಾದರೆ ನಾನು ಹೋಗುತ್ತೇನೆ ಎಂದೆ.

"ಇಬ್ಬರೂ ಇರಿ," ಎಂದರು ಅವರು. "ತನ್ನನ್ನ ಸೋಲಿಸೋ ದಾಖಲೆಯನ್ನ ತಾನೇ ಕಳಿಸಿದೋರನ್ನ ಈ ಗುಂಪಲ್ಲಿ ಇದೇ ಮೊದಲು ನೋಡ್ತಿರೋದು. ಆದರೆ ಒಂದು ಷರತ್ತು. ಇನ್ನು ನೀವು ಏನೇ ಹೇಳಿದರೂ ಎರಡೂ ಬದಿ ಫೋಟೋ ಬೇಕು."

ಒಪ್ಪಿದೆ. ರಾತ್ರಿ ಊಟದ ಹೊತ್ತಿಗೆ ಗೂಡಲೂರಿನವನು ಗುಂಪಿಗೆ ಮರಳಿದ್ದ. ಬಂದವನೇ ಹೊಸ ಜಗಳ ಹಚ್ಚಿದ: ಈಚಿನ ಭಾಗಗಳಲ್ಲಿ ನಾಯಕಿಯ ಚೀಲ ತೀರಾ ದೊಡ್ಡದಾಯಿತು. ನನಗೆ ತಡೆಯಲಾಗಲಿಲ್ಲ. "ಮೊದಲ ಭಾಗದಲ್ಲಿ ಆರೇ ಸಾಮಾನು ಹಿಡಿಯುತ್ತಿತ್ತು, ನನಗೆ ಚೆನ್ನಾಗಿ ನೆನಪಿದೆ," ಎಂದು ಬರೆದೆ.

"ಎರಡೂ ಬದಿ, ಮೇಡಂ," ಎಂದರು ಮೇಷ್ಟ್ರು.

ಸಾರಿನ ಕೈ ತೊಳೆದುಕೊಂಡು ಅಟ್ಟದ ಏಣಿ ಹತ್ತಿದೆ.